ಖಾಲಿ ಬುಟ್ಟಿಯ ಸಂತೋಷ

ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಶಾಲೆ ಮುಗಿಸಿ ಬಂದ ಮಕ್ಕಳಿಗೆ ಅಪ್ಪನ ಜತೆ ಗಾಳ ಹಿಡಿದು ಕಾಲುವೆಯತ್ತ ಹೊರಡಲು ಬೇಕಾದಷ್ಟು ಹೊತ್ತಿರುತ್ತದೆ.

ಇಂಥ ಕಾಲುವೆಗಳಲ್ಲೊಂದು ಕೆನೆಟ್ ಮತ್ತು ಏವನ್. 1810ರಲ್ಲಿ ಪೂರ್ಣಗೊಂಡ ಇದರಲ್ಲಿ ಹಿಂದೆ ಸರಕಿನ ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದವು. ರೈಲು ಬಂತು, ವ್ಯಾಪಾರ ಕುಗ್ಗಿತು, ಕಾಲುವೆ ಹಾಳುಬಿತ್ತು. ಸ್ವಯಂಸೇವಕರು ವರ್ಷಗಟ್ಟಲೆ ದುಡಿದು ಉಳಿಸಿದ ಮೇಲೆ 1990ರಲ್ಲಿ ಮತ್ತೆ ತೆರೆಯಿತು. ಕುದುರೆಗಳು ನಡೆದ ದಾರಿಯ ಅಂಚಿನಲ್ಲೇ ಈಗ ಗಾಳದವರು ಕೂರುತ್ತಾರೆ.

ಅವರು ಕಾಯುವುದು ರೋಚ್, ಪರ್ಚ್, ಬ್ರೀಮ್ ಮುಂತಾದ ಮೀನುಗಳಿಗೆ. ಸಾಲ್ಮನ್, ಟ್ರೌಟ್‌ಗಳ ಬಳಗಕ್ಕೆ ಸೇರದ ಸಿಹಿನೀರಿನ ಮೀನುಗಳಿಗೆ ಅಲ್ಲಿ 'ಕೋರ್ಸ್ ಫಿಶ್', ಅಂದರೆ ಒರಟು ಮೀನು ಎಂದು ಹೆಸರು. ಹೆಸರು ಒರಟಾದರೂ ಹಿಡಿಯುವ ಕ್ರಮ ನಯವಾದದ್ದು. ಕೊಕ್ಕೆಗೆ ಒಂದೆರಡು ಹುಳು ಅಥವಾ ಬ್ರೆಡ್ಡಿನ ಚೂರು. ನೀರಿನ ಮೇಲೆ ಸಣ್ಣ ಬೆಂಡು. ಅದು ಅಲುಗುವವರೆಗೂ ಸದ್ದು ಮಾಡುವಂತಿಲ್ಲ. ಅರ್ಧ ಗಂಟೆಯಾದರೂ ಬೆಂಡು ಕದಲದಿರಬಹುದು. ಪರೀಕ್ಷೆ, ಟಿ.ವಿ.ಗಳ ನಡುವೆ ಬೆಳೆಯುವ ಮಕ್ಕಳಿಗೆ ಇದೇ ಮೊದಲ ಪಾಠ.

ಎರಡನೆಯ ಪಾಠ ಮೀನು ಸಿಕ್ಕ ಮೇಲೆ. ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟಬೇಕು. ಒಣ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಸೋಂಕು ತಾಗದಂತೆ ಮೀನನ್ನು ಕಾಯುವುದು ಆ ಲೋಳೆಯೇ. ಹಿಮ್ಮುಳ್ಳಿಲ್ಲದ ಕೊಕ್ಕೆಯಾದರೆ ಬಿಡಿಸುವುದೂ ಸುಲಭ. ನೋಡಿ, ತೂಗಿ, ಮತ್ತೆ ನೀರಿಗೆ ಬಿಡುವುದೇ ಬಹುಪಾಲು ಜನರ ರೂಢಿ.

ಈ ಎಚ್ಚರ ಹಿಂದೆ ಎಲ್ಲದರಲ್ಲೂ ಇರಲಿಲ್ಲ. ಗಾಳದ ದಾರ ನೀರಿಗಿಳಿಯಲೆಂದು ಕಟ್ಟುತ್ತಿದ್ದ ಸೀಸದ ಪುಟ್ಟ ಗುಂಡುಗಳು ದಡದಲ್ಲಿ, ಕೆಸರಿನಲ್ಲಿ ಉದುರುತ್ತಿದ್ದವು. ಹಂಸಗಳಿಗೆ ಹಲ್ಲಿಲ್ಲ. ಮೇವು ಅರೆಯಲು ಅವು ಮರಳುಕಲ್ಲು ನುಂಗುತ್ತವೆ. ಕಲ್ಲಿನೊಂದಿಗೆ ಸೀಸವೂ ಹೊಟ್ಟೆ ಸೇರಿ, ವಿಷವೇರಿ, ಕತ್ತು ಎತ್ತಲಾಗದೆ ಎಷ್ಟೋ ಹಂಸಗಳು ಸತ್ತವು. ಥೇಮ್ಸ್ ನದಿಯಲ್ಲಂತೂ ಅವುಗಳ ಸಂಖ್ಯೆ ಆತಂಕಪಡುವಷ್ಟು ಇಳಿಯಿತು. 1987ರಲ್ಲಿ ಹೆಚ್ಚಿನ ಗಾತ್ರಗಳ ಸೀಸದ ಗುಂಡುಗಳ ಮಾರಾಟವನ್ನು ಕಾನೂನು ನಿಲ್ಲಿಸಿತು. ಬೇರೆ ಲೋಹದ ಗುಂಡುಗಳು ಬಂದವು. ಹಂಸಗಳು ಚೇತರಿಸಿಕೊಂಡವು. ಗಾಳದ ಆನಂದವೇನೂ ಕಡಿಮೆಯಾಗಲಿಲ್ಲ.

ಮಕ್ಕಳೂ ನಿಯಮಕ್ಕೆ ಹೊರತಲ್ಲ. ಅಲ್ಲಿ 13 ವರ್ಷ ತುಂಬಿದವರೆಲ್ಲ ಪರವಾನಗಿ ಪಡೆಯಬೇಕು. 16ರವರೆಗೆ ಅದು ಉಚಿತ, ಆದರೆ ಪಡೆಯದೆ ಗಾಳ ಹಾಕುವಂತಿಲ್ಲ. ನದಿಗಳಲ್ಲಿ ಮೀನು ಮೊಟ್ಟೆಯಿಡುವ ಕಾಲವೆಂದು ಮಾರ್ಚ್ 15ರಿಂದ ಜೂನ್ 15ರವರೆಗೆ ಈ ಮೀನುಗಳಿಗೆ ಗಾಳ ಹಾಕುವುದೇ ನಿಷಿದ್ಧ.

ಕತ್ತಲಾಗುತ್ತಿದ್ದಂತೆ ಅಪ್ಪ ಮಕ್ಕಳು ಎದ್ದು, ತುಂಡಾದ ದಾರವನ್ನೂ ಬಿಡದೆ ಆರಿಸಿಕೊಳ್ಳುತ್ತಾರೆ. ಹಕ್ಕಿಯ ಕಾಲಿಗೆ ಅದೂ ಉರುಳೇ. ಬುಟ್ಟಿಯಲ್ಲಿ ಒಂದು ಹೊತ್ತಿನ ಸಾರಿಗಾಗುವಷ್ಟೂ ಮೀನಿಲ್ಲ. ಆದರೆ ಮುಂದಿನ ವಾರ ಬಂದಾಗಲೂ ಮೀನು ಅಲ್ಲೇ ಇರುತ್ತದೆ, ಹಂಸವೂ ಇರುತ್ತದೆ.