ಮೊಬೈಲು, ಮದುವೆ ಮತ್ತು ಕಟ್ಟೆಯ ಮೇಲಿನ ತೀರ್ಪು

ಬೇವೂರಿನ ಕಟ್ಟೆಯಿರಲಿ, ಇಳಕಲ್ಲಿನ ಚಹಾದಂಗಡಿಯಿರಲಿ, ಯಾರದೋ ಮನೆಯಲ್ಲಿ ಗಂಡ-ಹೆಂಡತಿ ಬೇರೆಯಾದ ಸುದ್ದಿ ಬಂತೆಂದರೆ ತೀರ್ಪು ಸಿದ್ಧವಾಗಿರುತ್ತದೆ: "ಎಲ್ಲಾ ಆ ಮೊಬೈಲ್ ಮಾಡಿದ್ದು." ಹೀಗೆ ಹೇಳಿದವರೇ ಮರುಕ್ಷಣ ಕಿಸೆಯಿಂದ ತಮ್ಮ ಫೋನ್ ತೆಗೆದು ನೋಡುತ್ತಿರುತ್ತಾರೆ, ಅದು ಬೇರೆ ಮಾತು. ಒಂದು ಕಾಲಕ್ಕೆ ಈ ಅಪವಾದ ಸಿನಿಮಾದ ಮೇಲಿತ್ತು, ಆಮೇಲೆ ಟಿವಿ ಧಾರಾವಾಹಿಯ ಮೇಲೆ ಬಂತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಪೂರ್ತಿ ಮೊಬೈಲಿನ ಪಾಲಾಯಿತು. ಫೋನಿಗೂ ಸಂಸಾರದ ಬಿರುಕಿಗೂ ಸಂಬಂಧವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಸಂಬಂಧ ಇದೆ. ಆದರೆ ಅದು ಕಟ್ಟೆಯ ಮೇಲೆ ಹೇಳುವಷ್ಟು ಸರಳವಾಗಿಲ್ಲ, ಮತ್ತು ಕಟ್ಟೆ ಸೂಚಿಸುವ ಔಷಧ ಎಷ್ಟೋ ಸಲ ರೋಗಕ್ಕಿಂತ ಕೆಟ್ಟದ್ದು.

"ಐದಾರು ತಾಸು ಫೋನ್ ಹಿಡಿದ್ರ ಸಂಸಾರ ಕೆಡೂದೇ"

ಮೊದಲ ತಪ್ಪು ಕಲ್ಪನೆ ಈ ತಾಸಿನ ಲೆಕ್ಕ. ನೋಯಿಸುವುದು ತಾಸಲ್ಲ, ಗಳಿಗೆ. ಗಂಡ ಹೊಲದಲ್ಲಿ ಎರಡು ತಾಸು ಹಾಡು ಕೇಳಿದರೆ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ. ರಾತ್ರಿ ಊಟದ ಹೊತ್ತನ್ನು ನೋಡಿ. ತಾಟಿಗೆ ಬಿಸಿ ಜೋಳದ ರೊಟ್ಟಿ ಬಿದ್ದಿದೆ, ಪುಂಡಿಪಲ್ಯ ಪಕ್ಕದಲ್ಲಿದೆ. ಬಲಗೈ ರೊಟ್ಟಿ ಮುರಿಯುತ್ತಿದೆ, ಎಡಗೈ ಹೆಬ್ಬೆರಳು ರೀಲ್ಸ್ ಸರಿಸುತ್ತಿದೆ.

"ರೈತ ಸಂಪರ್ಕ ಕೇಂದ್ರದಾಗ ಕಡ್ಲಿ ಬೀಜ ಬಂದಾವಂತ. ನಾಳೆ ಹೋಗ್ತೀರೇನು?"

"ಹೂಂ."

"ಎಷ್ಟು ತರ್ತೀರಿ?"

"ಹೂಂ."

"ರೀ, ಕೇಳಾಕತ್ತೀರಿ ಇಲ್ಲೋ?"

"ಕೇಳಾಕತ್ತೀನಿ, ನೀ ಹೇಳು."

ಮರುದಿನ ಅದೇ ಗಂಡ "ನೀ ಯಾವಾಗ ಹೇಳಿದ್ದಿ?" ಎಂದು ಕೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ನಿಜಕ್ಕೂ ಅವನ ಕಿವಿಗೆ ಬಿದ್ದ ಮಾತು ತಲೆಗೆ ಹೋಗಿರಲಿಲ್ಲ. ಎರಡು ಕೆಲಸ ಒಟ್ಟಿಗೆ ಮಾಡುತ್ತಿದ್ದೇನೆ ಎಂಬುದು ನಮ್ಮ ಭ್ರಮೆ. ಗಮನ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಹಾರುತ್ತಿರುತ್ತದೆ ಅಷ್ಟೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೊರಳಿದ ಮೇಲೂ ಮನಸ್ಸಿನ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಅದು ಕಚೇರಿ ಕೆಲಸದ ಸಂದರ್ಭದ ಅಧ್ಯಯನ, ಆದರೆ ಊಟದ ತಾಟಿನ ಮುಂದೆ ಕೂತ ಮನಸ್ಸು ಬೇರೆಯದೇನಲ್ಲ.

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಜೇಮ್ಸ್ ರಾಬರ್ಟ್ಸ್ ಮತ್ತು ಮೆರೆಡಿತ್ ಡೇವಿಡ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಹಿಡಿದದ್ದು ಇದೇ ಗಳಿಗೆಯನ್ನು. ದಿನಕ್ಕೆ ಎಷ್ಟು ತಾಸು ಎನ್ನುವುದಕ್ಕಿಂತ, ಜೊತೆಗಿದ್ದಾಗ ಸಂಗಾತಿ ನಿಮ್ಮನ್ನು ಬಿಟ್ಟು ಫೋನ್ ನೋಡುತ್ತಾರೆಯೇ ಎಂಬುದು ಅವರ ಪ್ರಶ್ನೆ. 453 ವಯಸ್ಕರಲ್ಲಿ ಶೇ. 46.3 ಜನ ಹೌದೆಂದರು, ಶೇ. 22.6 ಜನ ಅದರಿಂದ ಜಗಳವೂ ಆಗಿದೆ ಎಂದರು. ಇದಕ್ಕಿಂತ ನನಗೆ ಮುಖ್ಯವೆನಿಸುವುದು ಹಳೆಯ ಇನ್ನೊಂದು ಕೆಲಸ. ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಹೊಸದಾಗಿ ಮದುವೆಯಾದವರ ಮಾತುಕತೆಯನ್ನು ಗಮನಿಸಿ, ಆರು ವರ್ಷದ ನಂತರ ಅವರ ಸಂಸಾರ ಏನಾಯಿತೆಂದು ನೋಡಿದರು. "ಇಲ್ಲಿ ನೋಡು", "ಇವತ್ತು ಹೀಗಾಯ್ತು" ಎಂಬಂಥ ಸಣ್ಣ ಸಣ್ಣ ಕರೆಗಳಿಗೆ, ಕೂಡಿ ಉಳಿದವರು 100ರಲ್ಲಿ 86 ಸಲ ಓಗೊಟ್ಟಿದ್ದರು. ಬೇರೆಯಾದವರು 33 ಸಲ ಮಾತ್ರ. ಆ ಜೋಡಿಗಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ, ಆಗಿನ್ನೂ ಅದು ಹುಟ್ಟಿರಲೇ ಇಲ್ಲ. ಮುಖ ತಿರುಗಿಸಲು ಜನಕ್ಕೆ ಪೇಪರ್ ಸಾಕಾಗುತ್ತಿತ್ತು. ಫೋನು ಆ ಕೆಲಸವನ್ನು ಬಹಳ ಸುಲಭ ಮಾಡಿಕೊಟ್ಟಿದೆ, ಅಷ್ಟೆ.

ಹಾಗಾಗಿ ಎಲ್ಲ ಫೋನ್ ಬಳಕೆಯೂ ಒಂದೇ ಅಲ್ಲ. ಸೂಳೇಭಾವಿ, ಇಳಕಲ್ಲುಗಳ ಕುಣಿಮಗ್ಗದ ಮನೆಗಳಲ್ಲಿ ಗಂಡ ಸೀರೆ ನೇಯುತ್ತಿರುತ್ತಾನೆ, ಹೆಂಡತಿ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿರುತ್ತಾಳೆ, ಫೋನು ಮೂಲೆಯಲ್ಲಿ ಹಾಡುತ್ತಿರುತ್ತದೆ. ಮೊದಲು ಆ ಜಾಗದಲ್ಲಿ ರೇಡಿಯೋ ಇತ್ತು. ಇಬ್ಬರೂ ಕೂಡಿ ಕೇಳುವ, ಕೂಡಿ ನಗುವ ಫೋನಿನ ಮೇಲೆ ನನ್ನ ತಕರಾರಿಲ್ಲ.

"ಫೋನ್ ಬಂದ ಮ್ಯಾಲೇ ಸಂಸಾರ ಕೆಟ್ಟಿದ್ದು"

ಮೇಲೆ ಹೇಳಿದ ಬೇಲರ್ ಅಧ್ಯಯನವಿರಲಿ, ಅಂಥ ಇನ್ನೂ ಹಲವು ಇರಲಿ, ಅವು ಫೋನಿನ ಗೀಳೂ ಅತೃಪ್ತಿಯೂ ಒಟ್ಟಿಗೆ ಕಾಣುತ್ತವೆ ಎಂದಷ್ಟೇ ಹೇಳಬಲ್ಲವು. ಯಾವುದು ಮೊದಲು ಎಂದು ಹೇಳಲಾರವು. ಮಾತು ನಿಂತ ಮನೆಯಲ್ಲಿ ಮನುಷ್ಯ ಫೋನಿನೊಳಗೆ ಹೋಗಿ ಕೂರುತ್ತಾನೆ. ಅವನು ಹಾಗೆ ಕೂತದ್ದರಿಂದ ಮಾತು ಮತ್ತಷ್ಟು ನಿಲ್ಲುತ್ತದೆ. ಸಾಲದ ಚಿಂತೆ, ಕುಡಿತ, ಮಕ್ಕಳಾಗದ ನೋವು, ಅತ್ತೆ-ಸೊಸೆಯ ಬೇಗುದಿ ಇವೆಲ್ಲ ಫೋನಿನ ಹಿಂದೆ ಅಡಗಿರುವುದುಂಟು. ಫೋನಿನ ಮೇಲೆ ತಪ್ಪು ಹೊರಿಸಿದರೆ ಎಲ್ಲರಿಗೂ ಅನುಕೂಲ. ಕುಡಿತದ ಬಗ್ಗೆ ಯಾರೂ ಮಾತಾಡಬೇಕಿಲ್ಲ.

ಇನ್ನು ನಮ್ಮ ಭಾಗದ ಒಂದು ಸತ್ಯವನ್ನು ಅಮೆರಿಕದ ಯಾವ ಅಧ್ಯಯನವೂ ಹೇಳುವುದಿಲ್ಲ. ಬಾದಾಮಿ, ಹುನಗುಂದ, ಬಾಗಲಕೋಟೆಯ ಹಳ್ಳಿಗಳಿಂದ ಗೋವಾ, ಮಂಗಳೂರು, ಉಡುಪಿಗೆ ಕಟ್ಟಡದ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ದುಡಿಯಲು ಹೋದವರಿಗೆ ಲೆಕ್ಕವಿಲ್ಲ. ಎಷ್ಟೋ ಮನೆಗಳಲ್ಲಿ ಗಂಡ ಅಲ್ಲಿ, ಹೆಂಡತಿ ಇಲ್ಲಿ. ಹಿಂದಿನ ತಲೆಮಾರಿನ ಹೆಂಗಸು ಗಂಡನ ದನಿ ಕೇಳಲು ಎಸ್‌ಟಿಡಿ ಬೂತಿನ ಮುಂದೆ ಕಾಯುತ್ತಿದ್ದಳು, ಬೂತಿನವನ ಎದುರೇ ಮಾತಾಡಬೇಕಿತ್ತು. ಈಗ ರಾತ್ರಿ ವಿಡಿಯೋ ಕಾಲ್ ಬರುತ್ತದೆ. ಅತ್ತ ಕಡೆ ತಗಡಿನ ಶೆಡ್ಡು, ಸಹಕೆಲಸಗಾರರ ಗದ್ದಲ. ಇತ್ತ ಕಡೆ ಪಡಸಾಲೆ, ಮಗು ಬಂದು ತನ್ನ ಹೊಸ ಪಾಟಿಚೀಲ ತೋರಿಸುತ್ತದೆ. ಮಳೆ ಬಂತೇ, ಎಮ್ಮೆ ಕರು ಹಾಕಿತೇ ಎಂಬ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡುವುದಿಲ್ಲ. ಸುಮ್ಮನೆ ಹಚ್ಚಿಟ್ಟುಕೊಂಡು ಕೂತಿರುತ್ತಾರೆ. ಇಂಥ ಮನೆಗೆ ಹೋಗಿ "ಫೋನ್ ಕಡಿಮೆ ಮಾಡ್ರಿ" ಎಂದು ಉಪದೇಶ ಮಾಡುವವರಿಗೆ ಆ ಸಂಸಾರದ ಸ್ಥಿತಿ ಗೊತ್ತಿಲ್ಲ.

"ಹೆಂಗಸರ ಕೈಗೆ ಕೊಟ್ಟಿದ್ದೇ ತಪ್ಪಾತು"

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಕಲ್ಪನೆ ಇದು, ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದೂ ಇದೇ. ಗಂಡನ ಫೋನು "ಕೆಲಸದ್ದು", ಹೆಂಡತಿಯ ಫೋನು "ಚಟ". ಗಂಡ ಐಪಿಎಲ್ ನೋಡಿದರೆ ದಣಿವು ಆರಿಸಿಕೊಳ್ಳುತ್ತಿದ್ದಾನೆ, ಹೆಂಡತಿ ರೀಲ್ಸ್ ನೋಡಿದರೆ ಮನೆ ಮುಳುಗುತ್ತಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ದೇಶದ ಶೇ. 46 ಮಹಿಳೆಯರ ಬಳಿ ತಾವೇ ಬಳಸುವ ಮೊಬೈಲ್ ಇತ್ತು. 2019-21ರ ಸುತ್ತಿನಲ್ಲಿ ಅದು ಶೇ. 54 ಆಯಿತು. ಅಂದರೆ ಆಗಲೂ ಸರಿಸುಮಾರು ಅರ್ಧದಷ್ಟು ಹೆಂಗಸರ ಕೈಯಲ್ಲಿ ತಮ್ಮದೆನ್ನುವ ಫೋನೇ ಇರಲಿಲ್ಲ. ಫೋನ್ ಇದ್ದವಳ ದಿನವನ್ನಾದರೂ ನೋಡಬೇಕು. ಸ್ವಸಹಾಯ ಸಂಘದ ಕಂತಿನ ಸುದ್ದಿ ಬರುವುದು ವಾಟ್ಸಾಪ್ ಗುಂಪಿಗೆ. ಮಗುವಿನ ಶಾಲೆಯ ಸೂಚನೆಯೂ ಅಲ್ಲಿಗೇ. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಜಮೆಯಾಯಿತೇ ಎಂದು ತಿಳಿಯುವುದು ಬ್ಯಾಂಕಿನ ಮೆಸೇಜಿನಿಂದ. ರೇಷನ್ ಕಾರ್ಡಿನ ಕೆಲಸಕ್ಕೆ ಒಟಿಪಿ ಬೇಕು. ಇವೆಲ್ಲ ಮುಗಿದ ಮೇಲೆ ಅವಳು ತವರಿಗೆ ಒಂದು ಫೋನ್ ಮಾಡುತ್ತಾಳೆ.

ಜಗಳ ಹುಟ್ಟುವುದು ಬಹುಪಾಲು ಅಲ್ಲಿಂದಲೇ. "ಸೊಸಿ ಯಾವಾಗ ನೋಡಿದ್ರೂ ಫೋನ್‌ನ್ಯಾಗ ಇರ್ತಾಳ, ಇಲ್ಲಿದೆಲ್ಲಾ ತವರಿಗೆ ಮುಟ್ಟಸ್ತಾಳ" ಎನ್ನುವ ಅತ್ತೆಗೆ ತನ್ನ ಕಾಲದ ಮೌನ ನೆನಪಿರುತ್ತದೆ. ಅವಳು ತವರಿನ ಮುಖ ನೋಡಲು ನಾಗರಪಂಚಮಿಯ ತನಕ ಕಾದವಳು. ಹೊಸ ಊರಿಗೆ ಬಂದ ಇಪ್ಪತ್ತೊಂದು ವರ್ಷದ ಹುಡುಗಿ ದಿನಕ್ಕೊಮ್ಮೆ ಅವ್ವನ ದನಿ ಕೇಳುವುದನ್ನು ಸಂಸಾರ ಒಡೆಯುವ ಕೆಲಸವೆಂದು ನಾನು ಒಪ್ಪಲಾರೆ. ತವರಿನವರು ಇಲ್ಲಿನ ಪ್ರತಿ ಮಾತಿಗೂ ಅಲ್ಲಿಂದಲೇ ತೀರ್ಪು ಕೊಡತೊಡಗಿದರೆ ಅದು ಬೇರೆ ಸಮಸ್ಯೆ, ಅದನ್ನು ಬೇರೆಯಾಗಿಯೇ ಮಾತಾಡಬೇಕು. ಫೋನ್ ಕಸಿದುಕೊಂಡರೆ ಅದು ಬಗೆಹರಿಯುವುದಿಲ್ಲ. ಗಂಡನಿಂದ ಏಟು ತಿನ್ನುವ ಹೆಂಗಸಿಗಂತೂ ಹೊರಗಿನ ಜಗತ್ತಿಗೆ ಇರುವ ಏಕೈಕ ಬಾಗಿಲು ಆ ಫೋನೇ ಆಗಿರಬಹುದು. ಅದನ್ನು ಕಿತ್ತುಕೊಳ್ಳಿ ಎಂದು ಹೇಳುವ ಹಿರಿಯರು ಒಮ್ಮೆ ಯೋಚಿಸಬೇಕು.

"ಮುಚ್ಚಿಡಾಕ ಏನಿಲ್ಲಂದ್ರ ಲಾಕ್ ಯಾಕ?"

ಸಂಶಯ ಬಂದರೆ ಫೋನ್ ತೆಗೆಸಿ ನೋಡಿಬಿಡಬೇಕು, ಮನಸ್ಸು ಹಗುರವಾಗುತ್ತದೆ ಎಂಬ ನಂಬಿಕೆ ಬಹಳ ಜನರಿಗಿದೆ. ಆಗುವುದಿಲ್ಲ. ಏನೂ ಸಿಗದಿದ್ದರೆ "ಅಳಿಸಿಹಾಕಿದ್ದಾಳೆ" ಎಂಬ ಹೊಸ ಸಂಶಯ ಹುಟ್ಟುತ್ತದೆ, ಏನಾದರೂ ಸಿಕ್ಕರೆ ಹಿಂದುಮುಂದಿನ ಮಾತು ಗೊತ್ತಿಲ್ಲದೆ ಅರ್ಥ ಹಚ್ಚಲಾಗುತ್ತದೆ.

ಕಾನೂನಿನ ಮಾತಿಗೆ ಬಂದರೆ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮದುವೆಯಾದೊಡನೆ ಆ ಹಕ್ಕು ಕರಗುವುದಿಲ್ಲ. 2025ರಲ್ಲಿ ಛತ್ತೀಸಗಡ ಹೈಕೋರ್ಟು, ಹೆಂಡತಿಯ ಕರೆ ವಿವರ ಕೊಡಿಸಿ ಎಂದು ಕೇಳಿದ ಗಂಡನ ಅರ್ಜಿಯನ್ನು ಒಪ್ಪಲಿಲ್ಲ. ಪಾಸ್‌ವರ್ಡ್ ಕೊಡೆಂದು ಒತ್ತಾಯಿಸುವುದು ಖಾಸಗಿತನದ ಉಲ್ಲಂಘನೆ, ಅದು ಕೌಟುಂಬಿಕ ಹಿಂಸೆಯೂ ಆಗಬಹುದು ಎಂದಿತು.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಅದೇ ವರ್ಷ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಸುಪ್ರೀಂ ಕೋರ್ಟ್ ಪೀಠ, ಗಂಡ ಅಥವಾ ಹೆಂಡತಿ ಗುಟ್ಟಾಗಿ ರೆಕಾರ್ಡ್ ಮಾಡಿದ ಸಂಭಾಷಣೆಯನ್ನು ವಿಚ್ಛೇದನದ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ತೀರ್ಪಿತ್ತಿತು. ಇದನ್ನು ಕೇಳಿ "ಹಾಗಾದ್ರ ರೆಕಾರ್ಡ್ ಮಾಡೂದು ಛಲೋ" ಎಂದುಕೊಂಡವರಿದ್ದಾರೆ. ಪೀಠ ಅದನ್ನು ಸಂಸಾರ ಉಳಿಸುವ ದಾರಿ ಎನ್ನಲಿಲ್ಲ. ಒಬ್ಬರ ಮೇಲೊಬ್ಬರು ಬೇಹುಗಾರಿಕೆ ಮಾಡುವ ಹಂತಕ್ಕೆ ಬಂದಿದ್ದಾರೆಂದರೆ ಅಲ್ಲಿ ನಂಬಿಕೆ ಆಗಲೇ ಮುರಿದಿದೆ ಎಂದೇ ಅದು ಹೇಳಿದ್ದು.

"ಫೋನಿನ ಕಾರಣಕ್ಕ ಕೋರ್ಟಿನ್ಯಾಗ ಸುಲಭಕ್ಕ ಡೈವೋರ್ಸ್ ಸಿಗತೈತಿ"

ಸಿಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ವಿಚ್ಛೇದನಕ್ಕೆ ಕಾರಣಗಳ ಪಟ್ಟಿಯಿದೆ, ಅದರಲ್ಲಿ ಮೊಬೈಲ್ ಬಳಕೆ ಇಲ್ಲ. ಕ್ರೌರ್ಯ ಎಂಬ ಕಾರಣದಡಿ ತರಲು ನೋಡಬಹುದು. ಆದರೆ ದಿನನಿತ್ಯದ ಕಿರಿಕಿರಿ, ಸಣ್ಣಪುಟ್ಟ ಜಗಳ ಮಾನಸಿಕ ಕ್ರೌರ್ಯವಾಗದು ಎಂದು ಸುಪ್ರೀಂ ಕೋರ್ಟು 2007ರಲ್ಲಿ ಸಮರ್ ಘೋಷ್ ಪ್ರಕರಣದಲ್ಲೇ ಸ್ಪಷ್ಟಪಡಿಸಿದೆ.

"ಇದು ರೋಗ" ಮತ್ತು "ಇದು ಹೊಸ ಜೋಡಿಗಳ ಪೀಡೆ"

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ವ್ಯಾಧಿ ಇದೆ, ಮೊಬೈಲ್ ವ್ಯಾಧಿ ಎಂಬುದು ಪ್ರತ್ಯೇಕವಾಗಿ ಇಲ್ಲ. ಹೆಂಡತಿ ಮಾತಾಡಿಸಿದಾಗ ತಲೆಯೆತ್ತದವನೆಲ್ಲ ರೋಗಿಯಲ್ಲ. ಹಾಗೆಂದು ಎಲ್ಲವೂ ಅವನ ಪ್ರೀತಿಯ ಕೊರತೆಯೂ ಅಲ್ಲ. ಬೆರಳು ಸರಿಸಿದಷ್ಟೂ ಮುಗಿಯದಂತೆ ಪರದೆ ಉದ್ದವಾಗುತ್ತಲೇ ಹೋಗುವ ತಂತ್ರವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಆಮೇಲೆ ಸಾರ್ವಜನಿಕವಾಗಿಯೇ ಅದಕ್ಕೆ ಪಶ್ಚಾತ್ತಾಪಪಟ್ಟರು. ನಿಲ್ಲಿಸಲಾಗದಂತೆ ಮಾಡಿದ ವಸ್ತುವನ್ನು ನಿಲ್ಲಿಸಲು ಕಷ್ಟವಾಗುವುದು ಸಹಜ. ಕೆಲಸ, ನಿದ್ದೆ, ಊಟ ಎಲ್ಲ ಕೆಟ್ಟು, ತಾನೇ ಬಿಡಬೇಕೆಂದರೂ ಬಿಡಲಾಗದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಎಂಬ ಪ್ರತ್ಯೇಕ ಕ್ಲಿನಿಕ್ಕೇ ಇದೆ.

ಇನ್ನು ಇದು ಹೊಸ ಜೋಡಿಗಳ ಪೀಡೆ ಎಂಬ ಮಾತು: ಚೀನಾದಲ್ಲಿ 243 ವಿವಾಹಿತರನ್ನು ಕೇಳಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂಗಾತಿಯ ಫೋನ್ ಗೀಳು ಅತೃಪ್ತಿಯ ಮೂಲಕ ಖಿನ್ನತೆಗೆ ತಳುಕು ಹಾಕಿಕೊಂಡದ್ದು ಮದುವೆಯಾಗಿ ಏಳು ವರ್ಷ ದಾಟಿದವರಲ್ಲಿ. ಐವತ್ತು ದಾಟಿದ ಗಂಡಂದಿರು ಬೆಳಗಿನ ಚಹಾದ ಜೊತೆ ಫಾರ್ವರ್ಡ್ ಮೆಸೇಜು ಓದುವುದನ್ನು ಕಂಡ ಯಾರಿಗೂ ಇದು ಆಶ್ಚರ್ಯವಾಗದು.

ಹಾಗಾದರೆ ಏನು ಮಾಡಬೇಕು? ಒಬ್ಬರ ಫೋನ್ ಮಾತ್ರ ಇಡಿಸಬೇಡಿ. ಊಟದ ಹೊತ್ತಿಗೆ ಇಬ್ಬರದೂ, ಮನೆಯ ಹಿರಿಯರದೂ, ಗೋಡೆಯ ಮಾಡದೊಳಗೆ ಹೋಗಲಿ. "ಸದಾ ಫೋನ್ ನೋಡ್ತೀರಿ" ಎಂಬ ಆಪಾದನೆಗಿಂತ "ನಿನ್ನೆ ರಾತ್ರಿ ಬೀಜದ ಮಾತು ಕೇಳಲೇ ಇಲ್ಲ, ನನಗ ಬ್ಯಾಸರಾತು" ಎಂಬ ಒಂದು ಸಂಗತಿಯ ಮಾತು ಬೇಗ ನಾಟುತ್ತದೆ. ಜಗಳ ಮನೆಯೊಳಗೆ ಬಗೆಹರಿಯದಿದ್ದರೆ ಕಟ್ಟೆಗೆ ಒಯ್ಯಬೇಡಿ. ಮನಸ್ಸಿನ ತಳಮಳಕ್ಕೆ ಸಹಾಯವಾಣಿ ಟೆಲಿ ಮಾನಸ್‌ನ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಏಟು, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181. ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ 15100. ಈ ಮೂರನ್ನೂ ಗಂಡನ ಫೋನಿನಲ್ಲಷ್ಟೇ ಅಲ್ಲ, ಹೆಂಡತಿಯ ಫೋನಿನಲ್ಲೂ ಬರೆದಿಟ್ಟುಕೊಳ್ಳಿ.