ಮುನ್ನೂರು ಕೋಟಿಯಲ್ಲಿ ಒಂದೇ ಒಂದು ಅಕ್ಷರ

ಬೆಂಗಳೂರಿನ ಅಮೃತಹಳ್ಳಿಯ ಒಂದು ಮಗ್ಗುಲಿಗೆ ಜಕ್ಕೂರು; ಅಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಇನ್ನೊಂದು ಕಡೆ ಬಳ್ಳಾರಿ ರಸ್ತೆ ದಾಟಿದರೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಹೊಲಗಳು, ಅದೇ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಜೀವಕೋಶದ ಒಳಗನ್ನು ಓದುವವರೂ ಬೆಳೆಯ ರೋಗವನ್ನು ಓದುವವರೂ ಇಲ್ಲಿ ನೆರೆಹೊರೆ. ಲಿವರ್ ಕ್ಯಾನ್ಸರನ್ನು ಅರ್ಥ ಮಾಡಿಕೊಳ್ಳಲು ಈ ಎರಡೂ ವಿದ್ಯೆ ಬೇಕು.

ಮೊದಲು ರೋಗದ ಗಾತ್ರ ನೋಡೋಣ. 2022ರಲ್ಲಿ ಜಗತ್ತಿನಲ್ಲಿ ಕ್ಯಾನ್ಸರಿನಿಂದ ಸತ್ತವರು ಸುಮಾರು 97 ಲಕ್ಷ. ಅವರಲ್ಲಿ ಲಿವರ್, ಜಠರ, ದೊಡ್ಡ ಕರುಳು, ಅನ್ನನಾಳ, ಮೇದೋಜೀರಕ ಗ್ರಂಥಿ ಈ ಐದರ ಕ್ಯಾನ್ಸರಿಗೆ ಬಲಿಯಾದವರೇ ಸುಮಾರು 32 ಲಕ್ಷ. ಮೂವರಲ್ಲಿ ಒಬ್ಬರು. ಲಿವರ್ ಒಂದರಿಂದಲೇ ಏಳೂವರೆ ಲಕ್ಷಕ್ಕೂ ಹೆಚ್ಚು ಸಾವು.

ಈಗ ಆ ಲಿವರಿನೊಳಕ್ಕೆ ಹೋಗೋಣ. ಒಂದೂವರೆ ಕೆಜಿ ತೂಕದ ಈ ಅಂಗದಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ಯಕೃತ್ ಕೋಶಗಳಿವೆ. ಪ್ರತಿ ಕೋಶದಲ್ಲೂ ಬಿಡಿಸಿದರೆ ಸುಮಾರು ಎರಡು ಮೀಟರ್ ಉದ್ದವಾಗುವ ಡಿಎನ್ಎ. ಅಷ್ಟನ್ನೂ ಸಾಲಾಗಿ ಜೋಡಿಸಿದರೆ 20 ಕೋಟಿ ಕಿಲೋಮೀಟರ್. ಸೂರ್ಯ ನಮ್ಮಿಂದ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಒಬ್ಬ ಮನುಷ್ಯನ ಒಂದು ಅಂಗದ ಡಿಎನ್ಎ ಸೂರ್ಯನನ್ನೂ ದಾಟಿ ಮುಂದಕ್ಕೆ ಹೋಗುತ್ತದೆ!

ಆ ಡಿಎನ್ಎಯ ಒಂದು ಪೂರ್ಣ ಪ್ರತಿಯಲ್ಲಿ ಇರುವುದು ಸುಮಾರು 300 ಕೋಟಿ ಅಕ್ಷರ. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಪುನರಾವರ್ತನೆ. ಅವು ಬದಲಾಗುತ್ತಲೇ ಇರುತ್ತವೆ. ಲಿವರ್ ಮತ್ತು ಕರುಳಿನ ಒಂದೊಂದು ಕಾಂಡಕೋಶದಲ್ಲೂ ವರ್ಷಕ್ಕೆ ಸುಮಾರು 40 ಅಕ್ಷರ ಬದಲಾಗುತ್ತವೆ ಎಂದು 2016ರಲ್ಲಿ ಲೆಕ್ಕ ಸಿಕ್ಕಿತು. ದೊಡ್ಡ ಕರುಳಿನ ಒಳಪದರದಲ್ಲಿ ಸುಮಾರು ಒಂದೂವರೆ ಕೋಟಿ ಪುಟಾಣಿ ಗುಳಿಗಳಿವೆ. ಗುಳಿಗೆ ಒಂದೇ ಕಾಂಡಕೋಶ ಎಂದುಕೊಂಡರೂ ಆ ಒಂದು ಅಂಗದಲ್ಲಿ ವರ್ಷಕ್ಕೆ 60 ಕೋಟಿ ಬದಲಾವಣೆ. ಹಾಗಿದ್ದೂ ನಮ್ಮಲ್ಲಿ ಹೆಚ್ಚಿನವರಿಗೆ ಕರುಳಿನ ಕ್ಯಾನ್ಸರ್ ಬರುವುದೇ ಇಲ್ಲ. ಕಾರಣವಿದೆ: ಪ್ರೋಟೀನಿಗೆ ಸೂಚನೆ ಬರೆದಿರುವುದು ಒಟ್ಟು ಅಕ್ಷರಗಳಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ. ಹೆಚ್ಚಿನ ತಪ್ಪುಗಳು ಬೀಳುವುದು ಆ ಭಾಗದ ಹೊರಗೆ. ಕರುಳಿನ ಮೇಲ್ಪದರವೂ ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಕ್ಯಾನ್ಸರ್ ಹುಟ್ಟಬೇಕಾದರೆ ಒಂದೇ ಕೋಶದಲ್ಲಿ ಹಲವು ಆಯಕಟ್ಟಿನ ಜಾಗಗಳೇ ಕೆಡಬೇಕು.

ಅಂಥ ಆಯಕಟ್ಟಿನ ಜಾಗಕ್ಕೆ ಗುರಿಯಿಟ್ಟಂತೆ ಹೊಡೆಯುವ ವಿಷವೊಂದಿದೆ. ಅದು ಬರುವುದು ಬೂಸಲು ಹಿಡಿದ ಕಡಲೆಕಾಯಿ, ಮೆಕ್ಕೆಜೋಳಗಳಿಂದ, ಹೆಸರು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಕೆಟ್ಟ ಮೆಕ್ಕೆಜೋಳ ತಿಂದು 106 ಜನ ಸತ್ತರು. ಸಂಸ್ಕರಣೆಗೆ ಹೋಗುವ ಕಡಲೆಕಾಯಿಯಲ್ಲಿ ಕೆಜಿಗೆ 15 ಮೈಕ್ರೋಗ್ರಾಂಗಿಂತ ಹೆಚ್ಚು ಇರಕೂಡದೆಂಬುದು ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ. ಅಂದರೆ ಬರೀ ಒಂದು ಗ್ರಾಂ ವಿಷ ಸಾಕು, 66 ಟನ್ ಕಡಲೆಕಾಯಿ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ.

ಟಿಪಿ53 ಎಂಬುದು ಕೆಟ್ಟ ಕೋಶವನ್ನು ತಡೆಯುವ ಕಾವಲು ಜೀನ್. ಚೀನಾದ ಕಿದೊಂಗ್ ಪ್ರದೇಶದಲ್ಲಿ ಅಫ್ಲಾಟಾಕ್ಸಿನ್ ಹಾವಳಿ ಹೆಚ್ಚಾಗಿತ್ತು. ಅಲ್ಲಿನ 16 ಲಿವರ್ ಗೆಡ್ಡೆಗಳಲ್ಲಿ ಈ ಜೀನನ್ನು ಓದಿದ ವಿಜ್ಞಾನಿಗಳು 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟು ಗೆಡ್ಡೆಗಳಲ್ಲಿ ಬದಲಾಗಿದ್ದದ್ದು ಒಂದೇ ಸ್ಥಾನ, 249ನೆಯ ತ್ರಿವಳಿಯ (ಮೂರಕ್ಷರದ ಗುಂಪಿನ) ಮೂರನೆಯ ಅಕ್ಷರ. ಬೇರೆ ಬೇರೆ ಜನ, ಬೇರೆ ಬೇರೆ ದೇಹ. 300 ಕೋಟಿ ಅಕ್ಷರಗಳಲ್ಲಿ ಅದೇ ಒಂದು.

ಎರಡನೆಯ ಶತ್ರು ಹೆಪಟೈಟಿಸ್ ಬಿ ವೈರಸ್. ಇದರ ಇಡೀ ಜೀನೋಮ್ ಸುಮಾರು 3,200 ಅಕ್ಷರ, ನಾಲ್ಕೇ ಜೀನ್. ಅದನ್ನು ಒಂದು ಪುಟದಲ್ಲಿ ಅಚ್ಚು ಹಾಕಿದರೆ, ನಮ್ಮದನ್ನು ಅಚ್ಚು ಹಾಕಲು ಸುಮಾರು ಹತ್ತು ಲಕ್ಷ ಪುಟ ಬೇಕು. ಆ ಒಂದು ಪುಟ ನಮ್ಮ ಹತ್ತು ಲಕ್ಷ ಪುಟಗಳ ನಡುವೆ ತೂರಿಕೊಂಡು ಲಿವರನ್ನು ಕೆಡಿಸಬಲ್ಲದು. ಜಗತ್ತಿನಲ್ಲಿ 25 ಕೋಟಿ, ಭಾರತದಲ್ಲಿ ಸುಮಾರು ಮೂರು ಕೋಟಿ ಜನ ಇದನ್ನು ಹೊತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶಾಂಘೈಯ 18 ಸಾವಿರ ಗಂಡಸರ ಅಧ್ಯಯನದಲ್ಲಿ ಅಫ್ಲಾಟಾಕ್ಸಿನ್ ಒಂದೇ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಮೂರು ಪಟ್ಟಿಗಿಂತ ಹೆಚ್ಚು, ವೈರಸ್ ಒಂದೇ ಇದ್ದವರಿಗೆ ಏಳು ಪಟ್ಟು. ಎರಡೂ ಇದ್ದವರಿಗೆ? 59 ಪಟ್ಟು.

ಅಕ್ಷರ ಕೆಟ್ಟರೆ ಮಾತ್ರ ರೋಗವಲ್ಲ; ಡಿಎನ್ಎ ಸುತ್ತಿಟ್ಟ ಬಗೆ ಕೆಟ್ಟರೂ ತೊಂದರೆಯೇ. ಒಂದು ಕೋಶದ ಎರಡು ಮೀಟರ್ ಡಿಎನ್ಎ ಸುಮಾರು ಮೂರು ಕೋಟಿ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಆ ಸುತ್ತು ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದರ ಮೇಲೆ ಯಾವ ಜೀನ್ ಕೆಲಸ ಮಾಡಬೇಕೆಂಬುದು ತೀರ್ಮಾನವಾಗುತ್ತದೆ. ಜಕ್ಕೂರಿನ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಈ ಸುತ್ತನ್ನು ಸಡಿಲಿಸುವ ಕಿಣ್ವಗಳನ್ನು ಅಭ್ಯಸಿಸಿತು. ನಮ್ಮ ಕರಾವಳಿಯವರು ಶರಬತ್ತು ಮಾಡುವ ಮುರುಗಲಿನ, ಅಂದರೆ ಪುನರ್ಪುಳಿಯ, ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಈ ಕಿಣ್ವಗಳನ್ನು ತಡೆಯುತ್ತದೆಂದು 2004ರಲ್ಲಿ ತೋರಿಸಿತು. ಅದು ಪ್ರಯೋಗಾಲಯದ ಕೋಶಗಳ ಮೇಲಿನ ಕೆಲಸ. ಶರಬತ್ತು ಕ್ಯಾನ್ಸರಿಗೆ ಮದ್ದಲ್ಲ. ಆದರೆ ಔಷಧಿಯ ಹಾದಿ ತೆರೆಯುವುದು ಇಂಥ ಮೂಲ ವಿಜ್ಞಾನದಿಂದಲೇ.

ಔಷಧಿಗೆ ಕಾಯಬೇಕು, ತಡೆಗೆ ಕಾಯಬೇಕಿಲ್ಲ. ತೈವಾನ್ 1984ರಲ್ಲಿ ಹಸುಗೂಸುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿತು. ಹತ್ತೇ ವರ್ಷಗಳಲ್ಲಿ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಸರಿಸುಮಾರು ಅರ್ಧಕ್ಕಿಳಿಯಿತು. ನಮ್ಮಲ್ಲೂ ಈ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹುಟ್ಟುವಾಗಲೇ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಅದು ಕಾಯಂ ಆಗಿ ಉಳಿಯುತ್ತದೆ. ಆದ್ದರಿಂದ ಮೊದಲ ಡೋಸ್ 24 ಗಂಟೆಯೊಳಗೆ ಬೀಳಲೇಬೇಕು.

ಅಫ್ಲಾಟಾಕ್ಸಿನ್ ತಡೆಯಲು ರೈತರು ಕಡಲೆಕಾಯಿಯನ್ನು ಚೆನ್ನಾಗಿ ಒಣಗಿಸಿ ಮೂಟೆ ಕಟ್ಟಲಿ. ಮನೆಯಲ್ಲಿ ಮುರುಟಿದ, ಬೂಸಲು ಬಂದ, ಕಹಿಯಾದ ಬೀಜವನ್ನು ಆರಿಸಿ ಎಸೆಯಿರಿ. ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಹೆಪಟೈಟಿಸ್ ಬಿ ಪರೀಕ್ಷೆಯಾಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ. ಮಗು ಹುಟ್ಟಿದ ದಿನವೇ ಲಸಿಕೆ ಹಾಕಿ ಎಂದು ಬಾಯಿಬಿಟ್ಟು ಕೇಳಿ.