ವರ್ತಮಾನದ ಓದು

ಕನ್ನಡದಲ್ಲಿ ‘ವರ್ತಮಾನ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಈಗ ನಡೆಯುತ್ತಿರುವ ಕಾಲ ಎಂಬುದು ಒಂದು. ಸುದ್ದಿ, ಸಮಾಚಾರ ಎಂಬುದು ಇನ್ನೊಂದು. ಪಠ್ಯಪುಸ್ತಕವು ಬಹುಮಟ್ಟಿಗೆ ಹಿಂದಿನವರು ಗಳಿಸಿದ ಅರಿವನ್ನು ಶೇಖರಿಸಿ ಕೊಡುತ್ತದೆ. ವೃತ್ತಪತ್ರಿಕೆಯಾದರೋ ನಿನ್ನೆ ನಡೆದುದನ್ನು ಇಂದು ಬೆಳಿಗ್ಗೆ ಮನೆಯ ಬಾಗಿಲಿಗೆ ತಂದಿಡುತ್ತದೆ. ಮೊದಲನೆಯದು ಬೇರು, ಎರಡನೆಯದು ಚಿಗುರು. ಬೇರನ್ನು ಮಾತ್ರ ಬಲ್ಲವನಿಗೆ ಮರದ ಪೂರ್ಣ ಪರಿಚಯವಾಗುವುದಿಲ್ಲ. ಆದುದರಿಂದ ವಿದ್ಯಾರ್ಥಿಗಳು ತಮ್ಮ ಕಾಲದ ಆಗುಹೋಗುಗಳನ್ನು ತರಗತಿಯಲ್ಲಿಯೇ ಓದಿ, ಅವುಗಳನ್ನು ಕುರಿತು ಆಲೋಚಿಸಿ, ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸುವ ಪದ್ಧತಿಯನ್ನು ಅನೇಕ ಶಿಕ್ಷಣತಜ್ಞರು ಪುರಸ್ಕರಿಸಿದ್ದಾರೆ. ಇಂಗ್ಲಿಷ್ ಭಾಷೆಯ ತರಗತಿಗೆ ಈ ಪದ್ಧತಿಯು ವಿಶೇಷವಾಗಿ ಒಪ್ಪುತ್ತದೆ.

ಈ ವಿಚಾರವು ಇಂದು ನಿನ್ನೆಯದಲ್ಲ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಪತ್ರಿಕೆಯೊಂದು 1795ರಷ್ಟು ಹಿಂದೆಯೇ ಶಾಲೆಗಳಲ್ಲಿ ವೃತ್ತಪತ್ರಿಕೆಗಳನ್ನು ಓದಿಸಬೇಕೆಂದು ಬರೆದಿತ್ತು. ಫ್ರಾನ್ಸ್ ದೇಶದ ಸೆಲೆಸ್ತಿನ್ ಫ್ರೆನೆ ಎಂಬ ಉಪಾಧ್ಯಾಯನು 1920ರ ದಶಕದಲ್ಲಿ ಒಂದು ಹೆಜ್ಜೆ ಮುಂದೆ ಹೋದನು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡಿದ್ದ ಆತನಿಗೆ ದೀರ್ಘಕಾಲ ಏರುದನಿಯಲ್ಲಿ ಪಾಠ ಹೇಳುವುದು ಕಷ್ಟವಾಗಿತ್ತು. ಆತನು ಹಳ್ಳಿಯ ತನ್ನ ಶಾಲೆಗೆ ಒಂದು ಚಿಕ್ಕ ಮುದ್ರಣಯಂತ್ರವನ್ನು ತಂದನು. ಮಕ್ಕಳು ಊರಿನಲ್ಲಿ ತಿರುಗಾಡಿ ಕಂಡುದನ್ನು ಬರೆದರು. ತಾವೇ ಅಚ್ಚುಮೊಳೆ ಜೋಡಿಸಿ ಮುದ್ರಿಸಿದರು. ದೂರದ ಇನ್ನೊಂದು ಶಾಲೆಯ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸಿ ಅವರಿಂದ ಉತ್ತರ ಪಡೆದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಹೊರಬಂದಿತು. ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸಲಾಗುತ್ತದೆ. ನಮ್ಮ ದೇಶದ 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕೂಡ ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಡನೆ ಜೋಡಿಸಬೇಕೆಂಬುದನ್ನು ತನ್ನ ಮುಖ್ಯ ತತ್ತ್ವಗಳಲ್ಲಿ ಒಂದಾಗಿ ಎಣಿಸಿದೆ.

ಪತ್ರಿಕೆಯ ಓದು ಒಬ್ಬ ವಿದ್ಯಾರ್ಥಿಯನ್ನು ಹೇಗೆ ಬೆಳೆಸಬಲ್ಲುದೆಂಬುದಕ್ಕೆ ಮಹಾತ್ಮಾ ಗಾಂಧೀಜಿಯವರ ಜೀವನದಲ್ಲಿ ಉತ್ತಮ ನಿದರ್ಶನವಿದೆ. ಅವರು 1888ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಲಂಡನ್ ನಗರಕ್ಕೆ ಹೋದಾಗ ಅವರಿಗೆ ಇನ್ನೂ ಹದಿನೆಂಟರ ಪ್ರಾಯ. ಭಾರತದಲ್ಲಿದ್ದಾಗ ತಾವು ವೃತ್ತಪತ್ರಿಕೆಯನ್ನು ಓದಿಯೇ ಇರಲಿಲ್ಲವೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಲಂಡನ್ನಿನಲ್ಲಿ ಅವರು ಮೂರು ಇಂಗ್ಲಿಷ್ ಪತ್ರಿಕೆಗಳ ಮೇಲೆ ನಿತ್ಯವೂ ಕಣ್ಣಾಡಿಸುವ ಅಭ್ಯಾಸವನ್ನು ಮಾಡಿಕೊಂಡರು. ಇದಕ್ಕೆ ಹಿಡಿಯುತ್ತಿದ್ದುದು ದಿನಕ್ಕೆ ಒಂದು ಗಂಟೆಯೂ ಅಲ್ಲ. ಹಾಗೆ ತೊಡಗಿದ ಓದುಗನೇ ಮುಂದೆ ದಕ್ಷಿಣ ಆಫ್ರಿಕಾದಲ್ಲಿ 1903ರಲ್ಲಿ ಆರಂಭವಾದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಜೀವಾಳವಾದನು. ಸ್ವದೇಶಕ್ಕೆ ಮರಳಿದ ಬಳಿಕ ‘ಯಂಗ್ ಇಂಡಿಯಾ’, ‘ಹರಿಜನ’ ಪತ್ರಿಕೆಗಳ ಮೂಲಕ ಒಂದು ಜನಾಂಗದೊಡನೆ ಮಾತನಾಡಿದನು.

ಇನ್ನು ಭಾಷಾಕಲಿಕೆಗೆ ಇದರಿಂದ ಆಗುವ ಪ್ರಯೋಜನವನ್ನು ವಿಚಾರಿಸಬಹುದು. ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗೆ ಇಂಗ್ಲಿಷ್ ಪಾಠದಲ್ಲಿ ಎದುರಾಗುವ ತೊಡಕು ಇಮ್ಮಡಿಯಾದುದು. ಭಾಷೆಯೂ ಹೊಸದು, ವಿಷಯವೂ ಹೊಸದು. ವರ್ತಮಾನದ ಓದಿನಲ್ಲಿ ಈ ತೊಡಕು ಅರ್ಧದಷ್ಟು ಕಡಿಮೆಯಾಗುತ್ತದೆ. ಏಕೆಂದರೆ ವಿಷಯವು ಅವನಿಗೆ ಮೊದಲೇ ತಿಳಿದಿರುತ್ತದೆ. ಚಂದ್ರಯಾನ-3ರ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಶ್ರೀಹರಿಕೋಟೆಯಿಂದ 2023ರ ಜುಲೈ 14ರಂದು ಹೊರಟ ನೌಕೆಯು ಆಗಸ್ಟ್ 23ರ ಸಂಜೆ ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದ ದೃಶ್ಯಗಳನ್ನು ನಾಡಿನ ಮಕ್ಕಳೆಲ್ಲ ದೂರದರ್ಶನದಲ್ಲಿ ಕಂಡರು. ಮನೆಯಲ್ಲಿ ಕನ್ನಡದಲ್ಲಿ ಅದನ್ನೇ ಮಾತನಾಡಿದರು. ಮರುದಿನ ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದುವ ಬಾಲಕನಿಗೆ ‘ಸಾಫ್ಟ್ ಲ್ಯಾಂಡಿಂಗ್’, ‘ಆರ್ಬಿಟ್’, ‘ಸರ್ಫೇಸ್’ ಮೊದಲಾದ ಶಬ್ದಗಳ ಅರ್ಥಕ್ಕಾಗಿ ನಿಘಂಟನ್ನು ಹುಡುಕುವ ಅಗತ್ಯ ಬೀಳುವುದಿಲ್ಲ. ತಿಳಿದ ವಿಷಯವೇ ತಿಳಿಯದ ಶಬ್ದಕ್ಕೆ ಕೈದೀವಿಗೆಯಾಗುತ್ತದೆ. ಇಂಗ್ಲಿಷ್ ಪತ್ರಿಕೆಯನ್ನು ಓದುವ ಮೊದಲು ಅದೇ ಸುದ್ದಿಯನ್ನು ಕನ್ನಡ ಪತ್ರಿಕೆಯಲ್ಲಿ ಓದಿಕೊಳ್ಳುವುದು ಲಾಭಕರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪತ್ರಿಕೆಯ ಇಂಗ್ಲಿಷಿಗೆ ತನ್ನದೇ ಆದ ಕೆಲವು ಕಟ್ಟಳೆಗಳುಂಟು. ಅವುಗಳನ್ನು ಅರಿಯದವನು ಶಿರೋನಾಮೆಯಲ್ಲಿಯೇ ಎಡವುತ್ತಾನೆ. ನಡೆದುಹೋದ ಘಟನೆಯನ್ನು ಶಿರೋನಾಮೆಯು ವರ್ತಮಾನಕಾಲದಲ್ಲಿ ಹೇಳುತ್ತದೆ: ‘ಚಂದ್ರಯಾನ್-3 ಲ್ಯಾಂಡ್ಸ್ ಆನ್ ಮೂನ್’. ಮುಂದೆ ನಡೆಯಲಿರುವುದನ್ನು ‘ಟು’ ಎಂಬ ಒಂದೇ ಶಬ್ದವು ಸೂಚಿಸುತ್ತದೆ: ‘ಸ್ಕೂಲ್ಸ್ ಟು ರೀಓಪನ್ ಆನ್ ಮಂಡೇ’. ಕರ್ಮಣಿ ಪ್ರಯೋಗದಲ್ಲಿ ಸಹಾಯಕ ಕ್ರಿಯಾಪದವು ಮಾಯವಾಗುತ್ತದೆ: ‘ಟೂ ಹರ್ಟ್ ಇನ್ ಬಸ್ ಆ್ಯಕ್ಸಿಡೆಂಟ್’. ‘ಎ’, ‘ದಿ’ ಮೊದಲಾದ ಉಪಪದಗಳಿಗೂ ಅಲ್ಲಿ ಜಾಗವಿಲ್ಲ. ಇಂತಹ ಮೂರು ಶಿರೋನಾಮೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಬಿಟ್ಟುಹೋದ ಶಬ್ದಗಳನ್ನು ತುಂಬಿ ಪೂರ್ಣವಾಕ್ಯಗಳನ್ನಾಗಿ ಮಾಡಿಸಿದರೆ, ಕಾಲಭೇದ, ಪ್ರಯೋಗಭೇದ ಮತ್ತು ಉಪಪದಗಳ ವ್ಯಾಕರಣವು ಒಂದೇ ಅಭ್ಯಾಸದಲ್ಲಿ ಮನದಟ್ಟಾಗುತ್ತದೆ.

ಸುದ್ದಿಯ ರಚನೆಯನ್ನೂ ಅರಿತಿರಬೇಕು. ಕಥೆಯಲ್ಲಿ ಮುಖ್ಯಾಂಶವು ಕೊನೆಯವರೆಗೆ ಕಾದಿರಬಹುದು. ಸುದ್ದಿಯಲ್ಲಿ ಅದು ಮೊದಲನೆಯ ಪರಿಚ್ಛೇದದಲ್ಲಿಯೇ ಬರುತ್ತದೆ. ವಿವರಗಳು ಮಹತ್ತ್ವದ ಇಳಿಕ್ರಮದಲ್ಲಿ ಅದರ ಹಿಂದೆ ಸಾಗುತ್ತವೆ. ಯಾರು, ಏನು, ಯಾವಾಗ, ಎಲ್ಲಿ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಹಾಕಿಕೊಂಡು ಓದುವ ವಿದ್ಯಾರ್ಥಿಗೆ ಸುದ್ದಿಯ ತಿರುಳು ಕೂಡಲೇ ಕೈಗೆ ಸಿಕ್ಕುತ್ತದೆ. ಈ ಆರರಲ್ಲಿ ‘ಏಕೆ’ ಎಂಬುದಕ್ಕೆ ಹಲವು ವೇಳೆ ಸುದ್ದಿಯಲ್ಲಿ ಉತ್ತರವಿರುವುದಿಲ್ಲ. ಉತ್ತರವಿಲ್ಲವೆಂಬುದನ್ನು ಗುರುತಿಸುವುದೂ ಒಳ್ಳೆಯ ಓದಿನ ಲಕ್ಷಣವೇ ಆಗಿದೆ.

ಓದು ಇನ್ನೂ ಸೂಕ್ಷ್ಮವಾದಂತೆ ಸಣ್ಣ ಶಬ್ದಗಳ ಭಾರವು ತಿಳಿಯತೊಡಗುತ್ತದೆ. ಒಬ್ಬರ ಮಾತನ್ನು ವರದಿ ಮಾಡುವಾಗ ‘ಸೆಡ್’ ಎಂದರೆ ಹೇಳಿದರು ಎಂದಷ್ಟೇ ಅರ್ಥ. ‘ಕ್ಲೇಮ್ಡ್’ ಎಂದರೆ ಅವರು ಹಾಗೆನ್ನುತ್ತಾರೆ, ಅದು ನಿಜವೋ ಅಲ್ಲವೋ ಎಂಬ ಸಂಶಯವು ಸುಳಿಯುತ್ತದೆ. ‘ಅಡ್ಮಿಟೆಡ್’ ಎಂದರೆ ತಪ್ಪನ್ನು ಒಪ್ಪಿಕೊಂಡರೆಂಬ ಧ್ವನಿ ಬರುತ್ತದೆ. ಆಡಿದ ಮಾತು ಒಂದೇ. ವರದಿಗಾರನು ಆರಿಸಿದ ಕ್ರಿಯಾಪದದಿಂದ ಆಡಿದವನ ಚಿತ್ರವೇ ಬದಲಾಗುತ್ತದೆ. ಹಾಗೆಯೇ ‘ಅಕ್ಯೂಸ್ಡ್’ ಎಂದರೆ ಆರೋಪಕ್ಕೆ ಗುರಿಯಾದವನು. ‘ಕನ್ವಿಕ್ಟ್’ ಎಂದರೆ ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿದವನು. ಈ ಎರಡರ ನಡುವೆ ಒಂದು ಇಡೀ ವಿಚಾರಣೆಯಿದೆ. ಈ ಭೇದವನ್ನು ಬಲ್ಲ ವಿದ್ಯಾರ್ಥಿಯು ಇಂಗ್ಲಿಷಿನ ಎರಡು ಶಬ್ದಗಳನ್ನು ಕಲಿತುದಲ್ಲದೆ, ನ್ಯಾಯದ ಒಂದು ಮೂಲತತ್ತ್ವವನ್ನೂ ಕಲಿತಂತಾಯಿತು.

ಸಂಗತಿ ಬೇರೆ, ಅಭಿಪ್ರಾಯ ಬೇರೆ ಎಂಬ ವಿವೇಕವು ಇದರ ಮುಂದಿನ ಮೆಟ್ಟಿಲು. ಪತ್ರಿಕೆಯ ಸುದ್ದಿಯ ಪುಟಗಳಲ್ಲಿ ನಡೆದ ಸಂಗತಿಗೆ ಪ್ರಾಶಸ್ತ್ಯ. ಸಂಪಾದಕೀಯದಲ್ಲಿ ಪತ್ರಿಕೆಯು ತನ್ನ ಅಭಿಪ್ರಾಯವನ್ನು ಮಂಡಿಸುತ್ತದೆ. ವಾಚಕರ ಪತ್ರಗಳಲ್ಲಿ ಓದುಗರು ತಮ್ಮ ಮಾತನ್ನು ಹೇಳುತ್ತಾರೆ. ಜಾಹೀರಾತಿನ ಉದ್ದೇಶವು ಮಾರಾಟ. ನೌಕೆಯು ಚಂದ್ರನ ಮೇಲೆ ಇಳಿಯಿತೆಂಬುದು ಸಂಗತಿ. ಅದಕ್ಕಾಗಿ ಮಾಡಿದ ವೆಚ್ಚವು ಸಾರ್ಥಕವೆಂಬುದು ಅಭಿಪ್ರಾಯ. ಮೊದಲನೆಯದಕ್ಕೆ ಸಾಕ್ಷ್ಯ ಬೇಕು. ಎರಡನೆಯದಕ್ಕೆ ಯುಕ್ತಿಯುಕ್ತವಾದ ಸಮರ್ಥನೆ ಬೇಕು.

ಓದಿದ ಮೇಲೆ ಸ್ಪಂದಿಸಬೇಕು. ಅನೇಕ ಶಾಲೆಗಳ ಪ್ರಾರ್ಥನಾಸಭೆಯಲ್ಲಿ ಒಬ್ಬ ವಿದ್ಯಾರ್ಥಿಯು ಶಿರೋನಾಮೆಗಳನ್ನು ಗಟ್ಟಿಯಾಗಿ ಓದುವ ಪದ್ಧತಿಯಿದೆ. ಅದು ಒಳ್ಳೆಯದೇ ಆದರೂ ಅಲ್ಲಿಗೆ ನಿಂತರೆ ಸಾಲದು. ತರಗತಿಯಲ್ಲಿ ಬರೆಯುವ ಸ್ಪಂದನಕ್ಕೆ ನಾಲ್ಕು ಅಂಗಗಳಿದ್ದರೆ ಸಾಕು: ಸುದ್ದಿಯ ಸಾರಾಂಶ ಎರಡು ಮೂರು ವಾಕ್ಯಗಳಲ್ಲಿ, ತನ್ನ ಅಭಿಪ್ರಾಯ ಒಂದು ವಾಕ್ಯದಲ್ಲಿ, ಅದಕ್ಕೆ ಕಾರಣ, ಕೊನೆಯಲ್ಲಿ ಇನ್ನೂ ತಿಳಿಯಬೇಕಾದ ಒಂದು ಪ್ರಶ್ನೆ. ಪತ್ರಿಕೆಯ ವಾಕ್ಯವನ್ನೇ ನಕಲು ಮಾಡದೆ ತನ್ನ ಸರಳವಾದ ಇಂಗ್ಲಿಷಿನಲ್ಲಿ ಬರೆಯಬೇಕೆಂಬುದು ಮುಖ್ಯ ನಿಯಮ. ಎರವಲು ತಂದ ಹತ್ತು ಬೆಡಗಿನ ವಾಕ್ಯಗಳಿಗಿಂತ ಸ್ವಂತದ ಒಂದು ಸಾದಾ ವಾಕ್ಯವು ಹೆಚ್ಚಿನದು.

ಭಾರತೀಯ ಶಾಸ್ತ್ರಪರಂಪರೆಯಲ್ಲಿ ವಾದಕ್ಕೆ ಒಂದು ಮರ್ಯಾದೆಯುಂಟು. ತನ್ನ ಸಿದ್ಧಾಂತವನ್ನು ಸ್ಥಾಪಿಸುವ ಮೊದಲು ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ಪ್ರಾಮಾಣಿಕವಾಗಿ ಮಂಡಿಸಬೇಕೆಂಬುದೇ ಆ ಮರ್ಯಾದೆ. ಇಂಗ್ಲಿಷ್ ತರಗತಿಯ ಚರ್ಚೆಗೂ ಇದು ಅನ್ವಯಿಸುತ್ತದೆ. ಚಂದ್ರಯಾನ-3ಕ್ಕೆ ಸುಮಾರು 600 ಕೋಟಿ ರೂಪಾಯಿ ವೆಚ್ಚವಾಯಿತು. ಈ ಹಣದಿಂದ ಶಾಲೆಗಳನ್ನು ಕಟ್ಟಬಹುದಾಗಿತ್ತೆಂದು ಒಬ್ಬನು ವಾದಿಸಬಹುದು. ವಿಜ್ಞಾನದ ಸಾಧನೆಯು ಮುಂದಿನ ಪೀಳಿಗೆಗೆ ಬಂಡವಾಳವೆಂದು ಇನ್ನೊಬ್ಬಳು ವಾದಿಸಬಹುದು. ಪ್ರತಿಯೊಬ್ಬರೂ ಮೊದಲು ಎದುರು ಪಕ್ಷದ ಮಾತನ್ನು ಅವರು ಒಪ್ಪುವಂತೆ ಹೇಳಿ, ಬಳಿಕ ತಮ್ಮ ಉತ್ತರವನ್ನು ಬರೆದರೆ, ಚರ್ಚೆಯು ಜಗಳವಾಗದೆ ವಿಚಾರವಾಗುತ್ತದೆ. ಧರ್ಮ, ಜಾತಿ, ಚುನಾವಣೆಗಳಿಗೆ ಸಂಬಂಧಿಸಿದ ಸುದ್ದಿಗಳು ಬಂದಾಗ ಈ ಮರ್ಯಾದೆಯು ಇನ್ನೂ ಅವಶ್ಯಕ. ಅಲ್ಲಿ ಉಪಾಧ್ಯಾಯರು ತಮ್ಮ ಪಕ್ಷವನ್ನು ಹೇರದೆ ಇಬ್ಬರ ಮಾತಿಗೂ ಸಮಾನವಾದ ಅವಕಾಶವಿತ್ತು, ಆಧಾರವನ್ನು ಮಾತ್ರ ಕೇಳುವುದು ಲೇಸು.

ಇಷ್ಟೆಲ್ಲ ಶ್ರಮವು ಕೇವಲ ಪರೀಕ್ಷೆಯ ಅಂಕಗಳಿಗಾಗಿ ಅಲ್ಲ. ಓದಿದುದನ್ನು ತೂಗಿ ನೋಡದ ಸಮಾಜವು ಎಂತಹ ಬೆಲೆಯನ್ನು ತೆರಬೇಕಾಗುವುದೆಂಬುದನ್ನು 2018ರ ಜುಲೈ ತಿಂಗಳಿನಲ್ಲಿ ಬೀದರ್ ಜಿಲ್ಲೆಯಲ್ಲಿ ನಡೆದ ದುರಂತವು ತೋರಿಸಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳು ಆ ವರ್ಷ ದೇಶದ ಅನೇಕ ಕಡೆ ಮೊಬೈಲ್ ದೂರವಾಣಿಗಳಲ್ಲಿ ಹರಿದಾಡುತ್ತಿದ್ದವು. ಅಂತಹ ಸಮಯದಲ್ಲಿ ಹೈದರಾಬಾದಿನ ಕಡೆಯಿಂದ ಬಂದ ಕೆಲವು ತರುಣರು ದಾರಿಯಲ್ಲಿ ಮಕ್ಕಳಿಗೆ ಮಿಠಾಯಿಯನ್ನು ಕೊಟ್ಟರು. ಅಷ್ಟೇ ಸಾಕಾಯಿತು. ಸಂಶಯವು ಸುದ್ದಿಯಾಗಿ, ಸುದ್ದಿಯು ಅವರ ವಾಹನಕ್ಕಿಂತ ಮುಂದೆ ಓಡಿತು. ಮುಂದಿನ ಗ್ರಾಮದಲ್ಲಿ ನೆರೆದ ಜನರು ಅವರನ್ನು ತಡೆದು ಹಲ್ಲೆ ಮಾಡಿದರು. ಒಬ್ಬ ತರುಣನು ಪ್ರಾಣವನ್ನು ಕಳೆದುಕೊಂಡನು, ಉಳಿದವರು ಗಾಯಗೊಂಡರು. ಯಾವ ಮಗುವೂ ಕಳುವಾಗಿರಲಿಲ್ಲ. ಆ ಸಂದೇಶವನ್ನು ಓದಿದವರಿಗೆ ಅಕ್ಷರ ಬರುತ್ತಿತ್ತು. ಇದನ್ನು ಬರೆದವರು ಯಾರು, ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಆಧಾರವೇನು ಎಂದು ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಗಾದೆಯನ್ನು ಕಟ್ಟಿದ್ದಾರೆ. ಕಾಣದೆ ಕೇಳಿದ ಮಾತನ್ನು ಪ್ರಮಾಣಿಸುವುದು ಇನ್ನೆಷ್ಟು ಅಗತ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೇಲೆ ಹೇಳಿದ ಆರು ಪ್ರಶ್ನೆಗಳು ಮೊಬೈಲಿಗೆ ಬರುವ ಸಂದೇಶಕ್ಕೂ ಸಲ್ಲುತ್ತವೆ. ಊರಿನ ಹೆಸರಿಲ್ಲದ, ದಿನಾಂಕವಿಲ್ಲದ, ಬರೆದವರ ಗುರುತಿಲ್ಲದ ಸುದ್ದಿಯನ್ನು ನಂಬಬಾರದು. ಇನ್ನೊಬ್ಬರಿಗೆ ಕಳುಹಿಸಲೂ ಬಾರದು. ಮುಖ್ಯವಾದ ಸುದ್ದಿಯನ್ನು ಕನಿಷ್ಠಪಕ್ಷ ಎರಡು ಪತ್ರಿಕೆಗಳಲ್ಲಿ ಹೋಲಿಸಿ ನೋಡಬೇಕು. ಕನ್ನಡ ಪತ್ರಿಕೆಯೊಂದನ್ನೂ ಇಂಗ್ಲಿಷ್ ಪತ್ರಿಕೆಯೊಂದನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದರಲ್ಲಿದ್ದ ವಿವರವು ಇನ್ನೊಂದರಲ್ಲಿ ಇಲ್ಲದಿರುವುದು, ಒಂದರ ಮುಖಪುಟದ ಸುದ್ದಿಯು ಇನ್ನೊಂದರ ಒಳಪುಟದಲ್ಲಿರುವುದು ಕಂಡುಬರುತ್ತದೆ. ಎರಡು ಭಾಷೆಗಳನ್ನು ಬಲ್ಲವನಿಗೆ ಲೋಕವನ್ನು ಎರಡು ಕಿಟಕಿಗಳಿಂದ ನೋಡುವ ಸೌಕರ್ಯವುಂಟು.

ಇದಕ್ಕೆ ಹೆಚ್ಚಿನ ಖರ್ಚಾಗಲಿ ಸಲಕರಣೆಯಾಗಲಿ ಬೇಕಿಲ್ಲ. ನಲವತ್ತು ಮಕ್ಕಳ ತರಗತಿಗೆ ಒಂದು ಪತ್ರಿಕೆ ಬಂದರೂ ಸಾಕು. ಪುಟಗಳನ್ನು ಬಿಡಿಸಿ ಗುಂಪಿಗೊಂದರಂತೆ ಹಂಚಬಹುದು. ವಾರದ ಹಿಂದಿನ ಪತ್ರಿಕೆಯೂ ಭಾಷೆಯ ಅಭ್ಯಾಸಕ್ಕೆ ಹಳತಾಗುವುದಿಲ್ಲ. ವಾರಕ್ಕೊಂದು ಅವಧಿಯನ್ನು ಇದಕ್ಕಾಗಿ ಮೀಸಲಿಟ್ಟು, ಆಯ್ದ ಬರಹಗಳನ್ನು ಗೋಡೆಪತ್ರಿಕೆಯಲ್ಲಿ ಅಂಟಿಸಿದರೆ ಇತರರಿಗೂ ಓದಲು ಅನುಕೂಲವಾಗುತ್ತದೆ. ಶಾಲೆಯ ಬಳಿ ಬಸ್ಸು ನಿಲ್ಲದಿರುವುದು, ಬೀದಿಯ ನಲ್ಲಿಯಿಂದ ನೀರು ಪೋಲಾಗುವುದು, ಊರಿನ ಗ್ರಂಥಾಲಯಕ್ಕೆ ಬೀಗ ಬಿದ್ದಿರುವುದು ಇಂತಹ ವಿಷಯಗಳನ್ನು ಕುರಿತು ಸಂಪಾದಕರಿಗೆ ಸೌಜನ್ಯಪೂರ್ಣವಾದ ಒಂದು ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವುದು ಉತ್ತಮ ಅಭ್ಯಾಸ. ಪತ್ರ ಬರೆಯುವ ಮುನ್ನ ಸ್ಥಳಕ್ಕೆ ಹೋಗಿ ನೋಡಿ, ಸಂಬಂಧಪಟ್ಟವರನ್ನು ಕೇಳಿ, ಸಂಗತಿಯನ್ನು ಖಚಿತಪಡಿಸಿಕೊಳ್ಳುವುದು ಆ ಅಭ್ಯಾಸದ ಅವಿಭಾಜ್ಯ ಅಂಗವಾಗಿರಬೇಕು.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಇನ್ನು ಕೆಲವೇ ವರ್ಷಗಳಲ್ಲಿ ಹದಿನೆಂಟು ತುಂಬಿ ಮತದಾನದ ಹಕ್ಕನ್ನು ಪಡೆಯುವವರು. ಅಂದು ಅವರಿಗೆ ಭಾಷಣಗಳೂ ಘೋಷಣೆಗಳೂ ಸಂದೇಶಗಳೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಇತರ ಭಾಷೆಗಳಲ್ಲಿ ಒಟ್ಟಿಗೆ ಎದುರಾಗುತ್ತವೆ. ಅವುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂರಿ ನೋಡುವ ಮೊರವನ್ನು ಬೇರೆ ಯಾರೂ ಅವರ ಕೈಗೆ ಕೊಡಲಾರರು. ತರಗತಿಯಲ್ಲಿ ವಾರಕ್ಕೊಂದು ಸುದ್ದಿಯನ್ನು ನಿಧಾನವಾಗಿ ಓದಿ, ಪ್ರಶ್ನಿಸಿ, ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿದವರು ಅದನ್ನು ತಾವೇ ಹೆಣೆದುಕೊಂಡಿರುತ್ತಾರೆ.